ಸ್ಕ್ಯಾನ್ ನಾರ್ಮಲ್, ತಲೆನೋವು ಮಾತ್ರ ನಿಂತಿಲ್ಲ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ, ವಯಸ್ಸು 36. ಮೂರು ತಿಂಗಳ ಹಿಂದೆ ಸ್ಕೂಟರ್‌ನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸಿ.ಟಿ. ಸ್ಕ್ಯಾನ್ ಮಾಡಿ ‘ಏನೂ ಇಲ್ಲ’ ಎಂದು ಕಳಿಸಿದರು. ಆದರೆ ತಲೆನೋವು ಬಿಟ್ಟಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆ ಸುತ್ತುತ್ತದೆ. ಟ್ಯೂಬ್‌ಲೈಟ್ ಬೆಳಕು, ಮಕ್ಕಳ ಗಲಾಟೆ ತಡೆಯಲಾಗುತ್ತಿಲ್ಲ. ಬೋರ್ಡಿನ ಮೇಲೆ ಅರ್ಧ ಲೆಕ್ಕ ಬರೆದು ಮುಂದಿನದು ಮರೆತು ನಿಲ್ಲುತ್ತೇನೆ. ರಜೆ ಹಾಕಿ ಕತ್ತಲೆ ಕೋಣೆಯಲ್ಲಿ ಮಲಗಿದ್ದೂ ಆಯಿತು, ದಿನಾ ಮಾತ್ರೆ ನುಂಗುವುದೂ ನಡೆದಿದೆ. ‘ರಿಪೋರ್ಟ್ ಸರಿಯಿದೆಯಲ್ಲ, ಎಲ್ಲಾ ನಿನ್ನ ಮನಸ್ಸಿನದು’ ಅನ್ನುತ್ತಾರೆ ಮನೆಯವರು. ನನಗೆ ಹುಚ್ಚು ಹಿಡಿಯುತ್ತಿದೆಯೇ?
– ಹೆಸರು ಬೇಡ, ತುಮಕೂರು

ಉತ್ತರ: ಇಲ್ಲ. ನೀವು ಬರೆದಿರುವ ಒಂದೊಂದು ಲಕ್ಷಣವೂ ಕನ್ಕಶನ್ (ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಆಗುವ ಆಘಾತ) ಆದವರಲ್ಲಿ ವೈದ್ಯರು ಕಾಣುವಂಥದ್ದೇ. ತುರ್ತು ಸಮಯದಲ್ಲಿ ಸಿ.ಟಿ. ಸ್ಕ್ಯಾನ್ ಮಾಡುವುದು ರಕ್ತಸ್ರಾವ, ಮೂಳೆ ಮುರಿತಗಳನ್ನು ಹುಡುಕಲು. ಅವು ನಿಮಗಿಲ್ಲ, ಸಂತೋಷ. ಆದರೆ ಪೆಟ್ಟಿನಿಂದ ಮಿದುಳಿನ ಕೆಲಸದಲ್ಲಾದ ಏರುಪೇರು ಅದರಲ್ಲಿ ಕಾಣುವುದಿಲ್ಲ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ.

ಇಷ್ಟು ದಿನವಾದರೂ ವಾಸಿಯಾಗದಿದ್ದರೆ, ಪೆಟ್ಟಿನ ಜೊತೆಗೆ ಬೇರೇನು ಸೇರಿಕೊಂಡಿದೆ ಎಂದು ನೋಡಬೇಕು. ಬಿದ್ದಾಗ ಕುತ್ತಿಗೆಯೂ ಉಳುಕಿರಬಹುದು. ಅಲ್ಲಿಂದಲೂ ತಲೆನೋವು ಬರುತ್ತದೆ, ಅದಕ್ಕೆ ಫಿಸಿಯೋಥೆರಪಿ ಇದೆ. ಮಗ್ಗುಲು ಬದಲಿಸಿದಾಗ ಸುತ್ತುವುದು ಒಳಕಿವಿಯ ತೊಂದರೆಯಿಂದ ಇರಬಹುದು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸುವ ಚಿಕಿತ್ಸೆಯಿಂದ ಅದು ಹಲವರಿಗೆ ಬೇಗ ಗುಣವಾಗುತ್ತದೆ. ಇನ್ನು ಮಾತ್ರೆ. ತಿಂಗಳಿಗೆ 15 ದಿನ ಅಥವಾ ಹೆಚ್ಚು, ತಿಂಗಳುಗಟ್ಟಲೆ ನೋವಿನ ಮಾತ್ರೆ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ನರರೋಗ ತಜ್ಞರನ್ನು ಕಂಡು ಈ ಮೂರನ್ನೂ ಹೇಳಿ. ಮಾತ್ರೆ ಕಡಿಮೆ ಮಾಡುವುದನ್ನೂ ಅವರನ್ನು ಕೇಳಿಯೇ ಮಾಡಿ.

ಕತ್ತಲೆ ಕೋಣೆಯನ್ನು ಬಿಟ್ಟು ಹೊರಗೆ ಬನ್ನಿ. ಹೆಚ್ಚಿನ ವಿಶ್ರಾಂತಿ ಬೇಕಿರುವುದು ಮೊದಲ 24ರಿಂದ 48 ಗಂಟೆ ಮಾತ್ರ. ಆಮೇಲೂ ಮಲಗಿಯೇ ಇದ್ದರೆ ನಿದ್ದೆ ಕೆಡುತ್ತದೆ, ಬೆಳಕು ಇನ್ನಷ್ಟು ಚುಚ್ಚುತ್ತದೆ, ಮನಸ್ಸು ಕುಗ್ಗುತ್ತದೆ. ವೈದ್ಯರು ಸರಿ ಎಂದರೆ ದಿನಾ ಹದಿನೈದು ನಿಮಿಷದ ನಡಿಗೆಯಿಂದ ಶುರು ಮಾಡಿ. ಹತ್ತಕ್ಕೆ ಮೂರರಷ್ಟಿದ್ದ ನೋವು ನಡೆದಾಗ ಏರಿದರೂ ಐದನ್ನು ದಾಟದೆ, ಒಂದು ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ, ಮುಂದುವರಿಸಿ. ಅದನ್ನು ಮೀರಿದರೆ ಮರುದಿನ ಸ್ವಲ್ಪ ತಗ್ಗಿಸಿ. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಲು ಹೋಗಬೇಡಿ. ಮಾರನೆಯ ದಿನ ಏಳಲಾಗುವುದಿಲ್ಲ.

ಶಾಲೆಗೂ ಹೀಗೆಯೇ ಮರಳಿ. ಕೆಲವು ವಾರ ಅರ್ಧ ದಿನದ ಪಾಠ, ಎರಡು ಪಿರಿಯಡ್ ನಡುವೆ ಬಿಡುವು, ಉತ್ತರ ಪತ್ರಿಕೆ ತಿದ್ದುವ ಕೆಲಸ ಬೇಡ ಎಂದು ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರನ್ನು ಕೇಳಿ. ಲೆಕ್ಕದ ಹಂತಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದರಲ್ಲಿ ನಾಚಿಕೆಯೇನಿಲ್ಲ. ಮಲಗುವ, ಏಳುವ ಹೊತ್ತು ಒಂದೇ ಇರಲಿ. ತಲೆ ಸುತ್ತುವುದು ನಿಲ್ಲುವವರೆಗೆ ಸ್ಕೂಟರ್ ಬೇಡ.

ಅಳು, ಸಿಡುಕು, ಭಯ ಹೆಚ್ಚಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನೋವು ದಿನೇ ದಿನೇ ಏರಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂಥ ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ವೈದ್ಯರ ಬಾಯಿಂದಲೇ ಕೇಳಲಿ. ಮನೆಯವರಿಗೂ ಒಂದು ಮಾತು: ಹೊರಗೆ ಗಾಯ ಕಾಣದಿದ್ದರೂ ನೋವು ನಿಜ. ಸದ್ಯಕ್ಕೆ ಟಿ.ವಿ. ಸದ್ದು ತಗ್ಗಿಸಿ, ಅಡುಗೆ ಕೆಲಸ ಹಂಚಿಕೊಳ್ಳಿ. ಅವರ ಚೇತರಿಕೆಗೆ ಅದೂ ಔಷಧವೇ.