ತಪ್ಪಿನಲ್ಲಿ ಪಾಲು ಎಲ್ಲರಿಗೂ, ಶಿಕ್ಷೆ ಕೆಲವರಿಗೆ

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಎಷ್ಟೋ ಆಟಗಾರರು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರಂತೆ. ಅದು ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲವೇ? ತಪ್ಪು ಯಾರದು?

ಉತ್ತರ: ಗೊತ್ತಾಗದೆ ಏನು, ಕಣ್ಣೆದುರಿಗೇ ಇತ್ತು. 1998ರಲ್ಲಿ ಮಾರ್ಕ್ ಮಗ್ವೈರ್ ಒಂದೇ ಋತುವಿನ ಹೋಮ್ ರನ್ (ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ದಾಖಲೆಯ ಬೆನ್ನು ಹತ್ತಿದ್ದಾಗ ಅವರ ಲಾಕರ್‌ನಲ್ಲಿದ್ದ ಬಾಟಲಿಯೊಂದು ಎಪಿ ಸುದ್ದಿಸಂಸ್ಥೆಯ ವರದಿಗಾರ ಸ್ಟೀವ್ ವಿಲ್‌ಸ್ಟೀನ್ ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದು ಆಂಡ್ರೋಸ್ಟೆನ್‌ಡಯೋನ್; ದೇಹದೊಳಗೆ ಹೋಗಿ ಟೆಸ್ಟೋಸ್ಟೆರಾನ್ ಆಗುವ ವಸ್ತು. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ನಿಷೇಧವಿತ್ತು, ಬೇಸ್‌ಬಾಲ್‌ನಲ್ಲಿ ಇರಲಿಲ್ಲ. ಸುದ್ದಿ ಅಚ್ಚಾದಾಗ ಹಲವರು ಬೈದದ್ದು ವರದಿಗಾರನನ್ನೇ! ಮಗ್ವೈರ್ ಆ ವರ್ಷ 70 ಹೋಮ್ ರನ್ ಹೊಡೆದು, 1961ರಿಂದ ಉಳಿದಿದ್ದ 61ರ ದಾಖಲೆಯನ್ನು ಮುರಿದರು. ಸ್ಟೀರಾಯ್ಡ್ ಬಳಸಿದ್ದೆನೆಂದು ಒಪ್ಪಿಕೊಂಡದ್ದು 2010ರಲ್ಲಿ.

ಎಲ್ಲರೂ ಸುಮ್ಮನಿದ್ದದ್ದಕ್ಕೆ ಕಾರಣವಿತ್ತು. 1994ರ ಆಟಗಾರರ ಮುಷ್ಕರದಿಂದ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ರದ್ದಾಗಿ ಜನ ಮುನಿಸಿಕೊಂಡಿದ್ದರು. ಹೋಮ್ ರನ್‌ಗಳ ಸುರಿಮಳೆ ಅವರನ್ನು ಮತ್ತೆ ಕ್ರೀಡಾಂಗಣಕ್ಕೆ ಕರೆತಂದಿತು. ಮಾಲೀಕರಿಗೆ ಅದೇ ಬೇಕಿತ್ತು. ಬೇಸ್‌ಬಾಲ್ ಆಡಳಿತದ ಮುಖ್ಯಸ್ಥರಾದ ಕಮಿಷನರ್ ಫೇ ವಿನ್ಸೆಂಟ್ 1991ರಲ್ಲೇ ಸ್ಟೀರಾಯ್ಡ್ ಕೂಡದೆಂದು ಸುತ್ತೋಲೆ ಕಳಿಸಿದ್ದರು. ಪರೀಕ್ಷೆಯೇ ಇಲ್ಲದಿದ್ದರೆ ಸುತ್ತೋಲೆಗೆ ಯಾರು ಹೆದರುತ್ತಾರೆ? ಆಟಗಾರರ ಸಂಘ ಖಾಸಗಿತನದ ಹೆಸರಿನಲ್ಲಿ ಪರೀಕ್ಷೆಗೆ ವರ್ಷಗಟ್ಟಲೆ ಅಡ್ಡ ನಿಂತಿತು. 2003ರಲ್ಲಿ ಹೆಸರು ಬಹಿರಂಗಪಡಿಸದ ಕರಾರಿನ ಮೇಲೆ ಪರೀಕ್ಷೆ ನಡೆದು, ಶೇ. 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಸಿಕ್ಕಿತು. ಮರುವರ್ಷ ಕಡ್ಡಾಯ ಪರೀಕ್ಷೆ ಬಂದರೂ ಮೊದಲ ಸಲ ಸಿಕ್ಕಿಬಿದ್ದವರಿಗೆ ಅಮಾನತಿನ ಶಿಕ್ಷೆಯೂ ಇರಲಿಲ್ಲ.

ನನಗೆ ಹೆಚ್ಚು ನೋವಾಗುವುದು ಮದ್ದು ಮುಟ್ಟದವರನ್ನು ನೆನೆದಾಗ. ತಂಡದಲ್ಲಿ ಜಾಗ ಇರುವುದು ಇಷ್ಟೇ. ಪಕ್ಕದವನು ಸೂಜಿ ಚುಚ್ಚಿಕೊಂಡು ಮೈ ಬೆಳೆಸಿದರೆ, ಒಲ್ಲೆ ಎಂದವನು ಕೆಳಗಿನ ಲೀಗ್‌ನಲ್ಲೇ ಉಳಿಯಬೇಕು. ಆದ್ದರಿಂದ ಮದ್ದು ತೆಗೆದುಕೊಂಡವರನ್ನು ನಾನು ಅಮಾಯಕರೆನ್ನಲಾರೆ.

ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ 2007ರ ಡಿಸೆಂಬರ್‌ನಲ್ಲಿ ಸ್ಟೀರಾಯ್ಡ್ ಬಳಕೆಯ ಬಗ್ಗೆ ಕೊಟ್ಟ 409 ಪುಟಗಳ ವರದಿ, ಕಮಿಷನರ್‌ಗಳು, ಕ್ಲಬ್‌ಗಳು, ಸಂಘ, ಆಟಗಾರರು ಎಲ್ಲರಿಗೂ ಈ ತಪ್ಪಿನಲ್ಲಿ ಪಾಲಿದೆ ಎಂದಿತು. ಒಪ್ಪುತ್ತೇನೆ. ಆದರೆ ಪಾಲು ಸಮವಲ್ಲ: ತಡೆಯುವ ಅಧಿಕಾರ ಇದ್ದವರದು ದೊಡ್ಡದು. ಆದದ್ದು ತದ್ವಿರುದ್ಧ. ಆ ಕಾಲದ ಕಮಿಷನರ್ ಬಡ್ ಸೀಲಿಗ್ 2016ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಸ್ಟೀರಾಯ್ಡ್ ಆರೋಪ ಹೊತ್ತ, 762 ಹೋಮ್ ರನ್‌ಗಳ ಬ್ಯಾರಿ ಬಾಂಡ್ಸ್‌ಗೆ 2022ರಲ್ಲಿ, ಪತ್ರಕರ್ತರ ಮತದಾನದ ಹತ್ತನೆಯ ಹಾಗೂ ಕೊನೆಯ ಅವಕಾಶದಲ್ಲೂ ಬಾಗಿಲು ತೆರೆಯಲಿಲ್ಲ. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿಯದ ಈ ತೀರ್ಪು ನ್ಯಾಯವಲ್ಲ.