ಚೈನ್ ಬಲ್ಲವರಾಗಿ, ಮುಂದೆ ಬನ್ನಿ: ಏಳು ಸೂತ್ರಗಳು

ಕ್ರೇನ್ ಇರುವ ಫ್ಯಾಕ್ಟರಿಗಳಲ್ಲಿ ಚೈನ್ ಸ್ಲಿಂಗ್ ದಿನನಿತ್ಯದ ವಸ್ತು. ಅದನ್ನು ಹುಕ್ಕಿಗೆ ಹಾಕುವವರು ಹತ್ತಾರು ಜನ. ಅದು ಹೇಗೆ ತಯಾರಾಗುತ್ತದೆ, ಎಷ್ಟು ಭಾರ ತಡೆಯುತ್ತದೆ, ಏಕೆ ತಡೆಯುತ್ತದೆ ಎಂದು ಬಿಡಿಸಿ ಹೇಳಬಲ್ಲವರು ಒಬ್ಬರೋ ಇಬ್ಬರೋ. ಆ ಒಬ್ಬರು ನೀವಾಗಿ. ಪೀಣ್ಯದಲ್ಲೋ ತೋರಣಗಲ್ಲಿನಲ್ಲೋ ಅಪ್ರೆಂಟಿಸ್ ಆಗಿದ್ದರೂ ಸರಿ, ಡಿಪ್ಲೊಮಾ ಮುಗಿಸಿ ಕ್ವಾಲಿಟಿ ವಿಭಾಗದ ಕೆಲಸಕ್ಕೆ ಕಾಯುತ್ತಿದ್ದರೂ ಸರಿ, ಇವತ್ತೇ ಶುರು ಮಾಡಿ.

1. ಟ್ಯಾಗ್ ಓದಿ ಸುಮ್ಮನಾಗಬೇಡಿ, ಲೆಕ್ಕ ಹಾಕಿ

ಗ್ರೇಡ್ 80 ಚೈನನ್ನೇ ತೆಗೆದುಕೊಳ್ಳಿ. 10 ಮಿಮೀ ದಪ್ಪದ ಒಂದೆಳೆ ಸ್ಲಿಂಗ್‌ನ ಟ್ಯಾಗಿನಲ್ಲಿ 3.15 ಟನ್ ಎಂದಿರುತ್ತದೆ. ಈ ಅಂಕಿ ಎಲ್ಲಿಂದ ಬಂತು? ಪೆನ್ನು ಹಿಡಿಯಿರಿ. 10 ಮಿಮೀ ಸರಳಿನ ಅಡ್ಡಕೊಯ್ತ ಸುಮಾರು 78.5 ಚದರ ಮಿಮೀ. ಒಂದು ಕೊಂಡಿಯಲ್ಲಿ ಭಾರ ಹೊರುವ ಬದಿಗಳು ಎರಡು, ಹಾಗಾಗಿ 157. ಗ್ರೇಡ್ 80 ಎಂದರೆ ತುಂಡಾಗುವ ಮುನ್ನ ಚದರ ಮಿಮೀಗೆ ಕನಿಷ್ಠ 800 ನ್ಯೂಟನ್ ತಡೆಯಬೇಕು. ಗುಣಿಸಿದರೆ ಸುಮಾರು 126 ಕಿಲೋನ್ಯೂಟನ್, ಅಂದರೆ 12.8 ಟನ್ನಿನಷ್ಟು. ಅದರ ನಾಲ್ಕನೇ ಒಂದು ಭಾಗವೇ ಟ್ಯಾಗಿನಲ್ಲಿರುವ ಭಾರ. "ನನಗೆ ಲೆಕ್ಕ ಬರಲ್ಲ" ಎನ್ನುವುದು ಒಂದು ಅಭ್ಯಾಸ, ಬಿಟ್ಟುಬಿಡಿ. ಇದು ಹೈಸ್ಕೂಲಿನ ಲೆಕ್ಕ. 8 ಮಿಮೀಗೂ 13 ಮಿಮೀಗೂ ನೀವೇ ಹಾಕಿ ನೋಡಿ. 2 ಟನ್ ಮತ್ತು 5.3 ಟನ್ನಿನ ಹತ್ತಿರಕ್ಕೆ ಬರಬೇಕು.

2. ಸ್ಟೀಲಿನ ಸರ್ಟಿಫಿಕೇಟ್ ಕೇಳಿ ಪಡೆಯಿರಿ

ಇದು ಮಾಮೂಲಿ ಕಬ್ಬಿಣವಲ್ಲ, ಅಲಾಯ್ ಸ್ಟೀಲ್. ನಿಕಲ್, ಕ್ರೋಮಿಯಂ, ಮಾಲಿಬ್ಡಿನಮ್ ಅದರ ಗಟ್ಟಿತನಕ್ಕೂ ಜಿಗುಟುತನಕ್ಕೂ ಕಾರಣ. ಗಂಧಕ, ರಂಜಕ ಕಡಿಮೆ ಇರಲೇಬೇಕು, ಹೆಚ್ಚಾದರೆ ಸ್ಟೀಲ್ ಪೆಡಸಾಗುತ್ತದೆ. ಕಾಗದ ನೋಡದೆ ಮಾಲು ಒಳಗೆ ಬಿಡಬೇಡಿ.

3. ತಯಾರಿಯ ಹಂತಗಳನ್ನು ಕ್ರಮವಾಗಿ ಕಲಿಯಿರಿ

ಸರಳನ್ನು ನೇರ ಮಾಡಿ ತುಂಡರಿಸುತ್ತಾರೆ. ತುಂಡನ್ನು ಹಿಂದಿನ ಕೊಂಡಿಯೊಳಗೆ ತೂರಿಸಿ ಬಗ್ಗಿಸುತ್ತಾರೆ. ಎರಡು ತುದಿಗಳ ನಡುವೆ ಕರೆಂಟ್ ಹರಿಸಿ, ಕೆಂಪಗೆ ಕಾದಾಗ ಒಂದಕ್ಕೊಂದು ಒತ್ತುತ್ತಾರೆ. ಈ ವೆಲ್ಡಿಂಗ್‌ನಲ್ಲಿ ಬೇರೆ ಲೋಹ ಸೇರಿಸುವುದಿಲ್ಲ, ಸರಳಿನ ತುದಿಗಳೇ ಒಂದಾಗುತ್ತವೆ. ಒತ್ತಿದಾಗ ಹೊರಗೆ ಉಬ್ಬಿದ ಅಂಚನ್ನು ಬಿಸಿ ಆರುವ ಮೊದಲೇ ಕೆತ್ತಿ ತೆಗೆಯುತ್ತಾರೆ. ಕೈಗೊಂದು ಚೈನ್ ಸಿಕ್ಕಾಗ ಬೆಸುಗೆ ಎಲ್ಲಿದೆ ಹುಡುಕಿ. ಅದು ಕೊಂಡಿಯ ನೇರ ಬದಿಯಲ್ಲಿರುತ್ತದೆ, ಬಾಗಿದ ತುದಿಯಲ್ಲಲ್ಲ. ಕೊಂಡಿ ಕೊಂಡಿಗೆ ಉಜ್ಜುವುದು ಬಾಗಿದ ಜಾಗದಲ್ಲೇ. ಅಲ್ಲಿ ಜೋಡಣೆ ಇರಕೂಡದು.

4. ಹೀಟ್ ಟ್ರೀಟ್‌ಮೆಂಟ್ ಅರ್ಥವಾಗುವ ತನಕ ಬಿಡಬೇಡಿ

ಚೈನಿನ ನಿಜವಾದ ಶಕ್ತಿ ಹುಟ್ಟುವುದು ಇಲ್ಲಿ. ಸುಮಾರು 900 ಡಿಗ್ರಿಗೆ ಕಾಯಿಸಿ ತಟ್ಟನೆ ತಣಿಸಿದರೆ ಸ್ಟೀಲ್ ಬಹಳ ಗಡುಸಾಗುತ್ತದೆ. ಬರೀ ಗಡುಸಾದರೆ ಗಾಜಿನಂತೆ ಒಡೆಯುತ್ತದೆ. ಅದಕ್ಕೇ 400 ಡಿಗ್ರಿಗೆ ಕಡಿಮೆಯಿಲ್ಲದಂತೆ ಮತ್ತೆ ಕಾಯಿಸಿ ಹದ ಮಾಡುತ್ತಾರೆ. ಇದು ತಲೆಯಲ್ಲಿ ಕೂತರೆ ಬಳಕೆಯ ಅರ್ಧ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಗ್ರೇಡ್ 80 ಚೈನ್ 200 ಡಿಗ್ರಿ ತನಕ ಪೂರ್ತಿ ಭಾರ ಎತ್ತುತ್ತದೆ. 300ರ ತನಕ ಶೇ. 90, 400ರ ತನಕ ಶೇ. 75, ಅದರ ಮೇಲೆ ಬಳಸುವಂತೆಯೇ ಇಲ್ಲ, ಏಕೆಂದರೆ ಹದ ಕೆಡುತ್ತದೆ. ಕೊಂಡಿಗೆ ವೆಲ್ಡಿಂಗ್ ರಾಡ್ ಮುಟ್ಟಿಸಬಾರದು, ಗ್ಯಾಸ್ ಟಾರ್ಚ್ ಹಿಡಿಯಬಾರದು ಎನ್ನುವುದಕ್ಕೂ ಕಾರಣ ಇದೇ. ಆಸಿಡ್‌ನಲ್ಲಿ ಅದ್ದಲೂಬೇಡಿ, ಹೈಡ್ರೋಜನ್ ಒಳಸೇರಿ ಸ್ಟೀಲ್ ಬಿರಿಯುತ್ತದೆ.

5. ಎರಡು ಟೆಸ್ಟ್‌ಗಳನ್ನು ಬೆರೆಸಬೇಡಿ

ಇಂಟರ್‌ವ್ಯೂನಲ್ಲಿ ಅನೇಕರು ಎಡವುವುದು ಇಲ್ಲಿ. ಪ್ರೂಫ್ ಟೆಸ್ಟ್ ಇಡೀ ಚೈನಿಗೆ. ಬಳಕೆಯ ಭಾರದ ಎರಡೂವರೆ ಪಟ್ಟು ಎಳೆಯುತ್ತಾರೆ. ನಮ್ಮ 10 ಮಿಮೀ ಚೈನಿಗೆ ಅದು 78.5 ಕಿಲೋನ್ಯೂಟನ್, ಅಂದರೆ ಸುಮಾರು 8 ಟನ್. ಆಮೇಲೆ ಒಂದೊಂದೇ ಕೊಂಡಿಯನ್ನು ಕಣ್ಣಲ್ಲಿ ಪರೀಕ್ಷಿಸುತ್ತಾರೆ. ಬ್ರೇಕಿಂಗ್ ಟೆಸ್ಟ್ ಸ್ಯಾಂಪಲ್ ತುಂಡಿಗೆ ಮಾತ್ರ, ಕಡಿಯುವ ತನಕ ಎಳೆಯುವುದು. ಅಲ್ಲಿ 126 ಕಿಲೋನ್ಯೂಟನ್ ದಾಟಿದರೆ ಸಾಲದು. ಯುರೋಪಿನ ಇಎನ್ 818-2 ಮಾನದಂಡದ ಪ್ರಕಾರ ಕಡಿಯುವ ಮುನ್ನ ಚೈನ್ ಕನಿಷ್ಠ ಶೇ. 20 ಉದ್ದವಾಗಬೇಕು. ನನಗೆ ಶಕ್ತಿಗಿಂತ ಇದೇ ದೊಡ್ಡ ಗುಣ. ಮಿತಿಮೀರಿ ಭಾರ ಹೊತ್ತ ಚೈನ್ ಹಿಗ್ಗಿ ಎಚ್ಚರಿಸಬೇಕು, ಕೆಳಗೆ ನಿಂತವರಿಗೆ ಓಡಲು ಸಮಯ ಸಿಗಬೇಕು.

6. ಕೋನ ಅಳೆಯಿರಿ

ಎರಡೆಳೆ ಸ್ಲಿಂಗ್ ಎಂದರೆ ಎರಡು ಪಟ್ಟು ಭಾರ ಎಂದುಕೊಳ್ಳಬೇಡಿ. ನಮ್ಮ 10 ಮಿಮೀ ಚೈನಿನ ಎರಡೆಳೆಗೆ ಲಂಬ ಗೆರೆಯಿಂದ 45 ಡಿಗ್ರಿ ತನಕ 4.25 ಟನ್, 60ರ ತನಕ 3.15 ಮಾತ್ರ. 60 ದಾಟಿದರೆ ಎತ್ತಬೇಡಿ, ಉದ್ದದ ಸ್ಲಿಂಗ್ ತರಿಸಿ.

7. ವರ್ನಿಯರ್ ಜೇಬಿನಲ್ಲಿರಲಿ

ಚೈನನ್ನು ಒರೆಸಿ, ನೆಲದ ಮೇಲೆ ಉದ್ದಕ್ಕೆ ಚಾಚಿ. ಕೊಂಡಿಯನ್ನು ಪಕ್ಕದ ಕೊಂಡಿಯಿಂದ ಸರಿಸಿ, ಬಾಗಿದ ತುದಿಯ ಒಳಮೈ ನೋಡಿ. ಹೊಳಪಾದ ಸಣ್ಣ ತಗ್ಗು ಕಾಣುತ್ತದೆ, ಸವೆತ ಅಲ್ಲೇ. ಒಂದಕ್ಕೊಂದು ಅಡ್ಡಲಾಗಿ ಎರಡು ಅಳತೆ ತೆಗೆದು ಸರಾಸರಿ ಮಾಡಿ. 10 ಮಿಮೀ ಚೈನ್ 9ಕ್ಕಿಂತ ಕೆಳಗಿಳಿದಿದ್ದರೆ ಅದರ ಕೆಲಸ ಮುಗಿಯಿತು. ಬಿರುಕು, ತಿರುಚು, ಹಿಗ್ಗು ಕಂಡರೂ ಅಷ್ಟೇ. ಎತ್ತುವ ಚೈನುಗಳನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪರೀಕ್ಷಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ನಿನಲ್ಲೇ ಬರೆದರು. ಆ ಪರೀಕ್ಷೆ ನಡೆಯುವ ದಿನ ರಜೆ ಹಾಕಬೇಡಿ. ಪಕ್ಕದಲ್ಲಿ ನಿಂತು ನೋಡಿ, ಪ್ರಶ್ನೆ ಕೇಳಿ, ರಿಜಿಸ್ಟರ್ ಬರೆಯುವ ಕೆಲಸ ಕೇಳಿ ಪಡೆಯಿರಿ. ರಿಜೆಕ್ಟ್ ಆದ ಚೈನನ್ನು ಮೂಲೆಗೆ ಎಸೆಯಬೇಡಿ, ನೈಟ್ ಶಿಫ್ಟ್‌ನವರು ಅವಸರದಲ್ಲಿ ಎತ್ತಿಕೊಂಡಾರು. ನಿಮ್ಮ ಕಣ್ಣೆದುರೇ ತುಂಡು ಮಾಡಿಸಿ ಸ್ಕ್ರ್ಯಾಪಿಗೆ ಹಾಕಿಸಿ, ನಂಬರನ್ನು ರಿಜಿಸ್ಟರ್‌ನಿಂದ ಹೊಡೆದುಹಾಕಿ.