ನಿಷೇಧದ ಹಲವು ದನಿಗಳು: ಜಪಾನಿ ಭಾಷೆಯಿಂದ ಒಂದು ಪಾಠ

'ಮುಟ್ಟಬೇಡ', 'ಮುಟ್ಟಬೇಡಿ', 'ಮುಟ್ಟಬಾರದು', 'ಮುಟ್ಟಕೂಡದು', 'ಮುಟ್ಟುವುದನ್ನು ನಿಷೇಧಿಸಲಾಗಿದೆ' – ಈ ಐದು ವಾಕ್ಯಗಳು ತಡೆಯುವುದು ಒಂದೇ ಕ್ರಿಯೆಯನ್ನು. ಆದರೆ ಆಡುವವರು ಯಾರು, ಕೇಳುವವರು ಯಾರು, ಅವರ ನಡುವಿನ ಅಂತರವೆಷ್ಟು ಎಂಬುದು ಪ್ರತಿಯೊಂದರಲ್ಲೂ ಬೇರೆ. ಮರಾಠಿಯ 'ಹಾತ ಲಾವೂ ನಕೋ', 'ಹಾತ ಲಾವೂ ನಕಾ', 'ಹಾತ ಲಾವೂ ನಯೇ' ಎಂಬ ರೂಪಗಳಲ್ಲಿಯೂ ಇದೇ ವ್ಯವಸ್ಥೆಯುಂಟು. ನಿಷೇಧದ ರೂಪಗಳನ್ನು ಹೀಗೆ ಸೂಕ್ಷ್ಮವಾಗಿ ಮೆಟ್ಟಿಲುಗಟ್ಟಿಸಿಕೊಂಡ ಭಾಷೆಗಳಲ್ಲಿ ಜಪಾನಿಯೂ ಒಂದು. ಅದನ್ನು ನೋಡಿದಾಗ ನಮ್ಮ ನುಡಿಯ ಮರ್ಮವೂ ತಿಳಿಯಾಗುತ್ತದೆ.

ಕನ್ನಡದಂತೆ ಜಪಾನಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಿಷೇಧ, ವಿನಯ ಮುಂತಾದ ಅರ್ಥಗಳು ಅದರ ಬಾಲಕ್ಕೆ ಅಂಟಿಕೊಳ್ಳುತ್ತವೆ. ಉದಾಹರಣೆಗೆ 'ಸವರು' ಎಂಬ ಜಪಾನಿ ಕ್ರಿಯಾಪದವನ್ನು ತೆಗೆದುಕೊಳ್ಳಬಹುದು. ಅದರ ಅರ್ಥ 'ಮುಟ್ಟು'. ಕನ್ನಡದ 'ಸವರು' ಜೊತೆಗಿನ ಹೋಲಿಕೆ ಕೇವಲ ಆಕಸ್ಮಿಕ. ನೆನಪಿಗೆ ನೆರವಾಗುತ್ತದೆಯೇ ಹೊರತು ನಂಟನ್ನು ಸಾಧಿಸುವುದಿಲ್ಲ.

ಮೊದಲನೆಯದು ನೇರ ನಿಷೇಧ. 'ಸವರು ನ' ಎಂದರೆ 'ಮುಟ್ಟಬೇಡ!' ಇದು ಬಿರುಸಾದ ರೂಪ. ಕೋಪದಲ್ಲಿ, ಅಪಾಯದಲ್ಲಿ, ಸಲುಗೆಯ ಗಂಡಸರ ನಡುವೆ ಕೇಳಿಬರುತ್ತದೆ. ಇದೇ ಪ್ರತ್ಯಯ ಆಟದ ಬಯಲಿನಲ್ಲಿ 'ಮಕೆರು ನ', ಅಂದರೆ 'ಸೋಲಬೇಡ' ಎಂಬ ಹುರಿದುಂಬಿಸುವ ಕೂಗೂ ಆಗುತ್ತದೆ. ಎರಡನೆಯದು 'ಸವರನೈದೆ'; ಆಪ್ತರ ನಡುವಿನ ಕೋರಿಕೆ. ಅದಕ್ಕೆ 'ಕುದಸೈ' ಸೇರಿದರೆ 'ದಯವಿಟ್ಟು ಮುಟ್ಟಬೇಡಿ' ಎಂಬ ಸಭ್ಯ ರೂಪ ಸಿದ್ಧಿಸುತ್ತದೆ. ತಾಯಿ ಮಗುವಿಗೆ ಹೇಳುವ ಮಾತು 'ಸವತ್ಚ ದಮೆ'. ಇಲ್ಲಿ 'ದಮೆ' ಎಂದರೆ 'ಸಲ್ಲದು'.

ಮುಂದಿನ ಮೆಟ್ಟಿಲು ನಿಯಮದ್ದು. 'ಸವತ್ತೆ ವ ಇಕೆನೈ' ಎಂಬುದನ್ನು ಬಿಡಿಸಿದರೆ 'ಮುಟ್ಟಿದರೆ ಹೋಗಲಾಗದು' ಎಂದಾಗುತ್ತದೆ. 'ಇಕು' ಎಂದರೆ ಹೋಗು. ಅದರ ಸಾಮರ್ಥ್ಯಸೂಚಕ ರೂಪದ ನಿಷೇಧವೇ 'ಇಕೆನೈ'. ಇದನ್ನು 'ಇಕೆಮಸೆನ್' ಎಂದರೆ ವಿನಯ ಕೂಡಿಕೊಳ್ಳುತ್ತದೆ. ಕನ್ನಡದ 'ಬಾರದು' ಮೂಲತಃ 'ಬರು' ಧಾತುವಿನ ನಿಷೇಧರೂಪ. 'ಕೂಡದು' 'ಕೂಡು' ಧಾತುವಿನದು. ನಂಟಿಲ್ಲದ ಎರಡು ಭಾಷೆಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ: ನಿಷೇಧವನ್ನು ವ್ಯಕ್ತಿಯ ಬಾಯಿಂದ ತೆಗೆದು, ಲೋಕದ ಕ್ರಮದಲ್ಲಿಯೇ ಅದು 'ಹೋಗದು', 'ಬಾರದು', 'ಕೂಡದು' ಎಂದು ನಿಲ್ಲಿಸುವುದು. ಇನ್ನೂ ಗಂಭೀರವಾದ ರೂಪ 'ನರನೈ', ಅಂದರೆ 'ಆಗದು'. 1947ರ ಮೇ 3ರಂದು ಜಾರಿಗೆ ಬಂದ ಜಪಾನಿನ ಸಂವಿಧಾನದ 21ನೆಯ ವಿಧಿ ಸೆನ್ಸಾರ್‌ಶಿಪ್ಪನ್ನು ತಡೆಯುವುದು ಇದೇ ಪದದಿಂದ. ಅಲ್ಲಿ ನಿಷೇಧಕ್ಕೆ ಒಳಗಾಗುವುದು ಪ್ರಜೆಯಲ್ಲ, ಪ್ರಭುತ್ವ.

ಫಲಕಗಳ ಭಾಷೆ ಬೇರೆ. ಅಲ್ಲಿ 'ಕಿನ್ಶಿ' ಎಂಬ ಚೀನೀ ಮೂಲದ ಪದ ನಾಮಪದಕ್ಕೆ ಸೇರಿ 'ತಚಿಇರಿ ಕಿನ್ಶಿ', ಅಂದರೆ 'ಪ್ರವೇಶ ನಿಷೇಧ' ಎಂದು ನಿಲ್ಲುತ್ತದೆ. ಕನ್ನಡ ಫಲಕವು ಸಂಸ್ಕೃತದ 'ನಿಷೇಧ'ವನ್ನೂ ಮರಾಠಿ ಫಲಕವು 'ಮನಾಈ'ಯನ್ನೂ ಎರವಲು ಪಡೆದಿರುವಂತೆಯೇ ಇದು. ಇವೆಲ್ಲಕ್ಕಿಂತ ಮೃದುವಾದುದು 'ಗೊಎನ್ರ್ಯೊ ಕುದಸೈ'. 'ಎನ್ರ್ಯೊ' ಎಂದರೆ ಸಂಕೋಚ, ಹಿಂಜರಿಕೆ. 'ಛಾಯಾಚಿತ್ರ ತೆಗೆಯಲು ದಯವಿಟ್ಟು ಸಂಕೋಚಪಡಿರಿ' ಎಂಬಂಥ ಈ ಮಾತನ್ನು ಹೊಸಬರು ಸಲಹೆಯೆಂದು ತಿಳಿಯಬಹುದು. ಅದು ಸಲಹೆಯಲ್ಲ, ನಿಷೇಧವೇ.

ಇಲ್ಲಿಯೇ ಪಾಠದ ತಿರುಳಿದೆ. ವಿನಯ ಮತ್ತು ಬಿಗಿ ಒಂದೇ ಅಳತೆಗೋಲಿನ ಎರಡು ತುದಿಗಳಲ್ಲ. ಅವು ಎರಡು ಬೇರೆ ಅಳತೆಗೋಲುಗಳು. ಮೃದುವಾದ ಮಾತು ಕಟ್ಟುನಿಟ್ಟಾಗಿರಬಹುದು. ಬಿರುಸಾದ ಮಾತು ಅಕ್ಕರೆಯದಾಗಿರಬಹುದು. 2024ರ ಜನವರಿ 1ರಂದು ನೋತೊ ಪರ್ಯಾಯದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾಗಿ ಸುನಾಮಿಯ ಎಚ್ಚರಿಕೆ ಹೊರಟಿತು. ಆಗ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ವಾರ್ತಾವಾಚಕಿ ಎಂದಿನ ಶಾಂತ ಧಾಟಿಯನ್ನು ಬಿಟ್ಟು ಏರುದನಿಯಲ್ಲಿ ಕೂಗಿದರು: ಕೂಡಲೇ ಎತ್ತರಕ್ಕೆ ಓಡುವುದು, ಹಿಂತಿರುಗದಿರುವುದು. ಆ ವಾಕ್ಯಗಳ ಕೊನೆಯಲ್ಲಿದ್ದುದು 'ಕುದಸೈ' ಅಲ್ಲ; 'ಕೊತೊ' ಎಂಬ, ಲಿಖಿತ ನಿಯಮಾವಳಿಗಳಲ್ಲಿ ಬಳಕೆಯಾಗುವ ರೂಪ. 2011ರ ಮಹಾದುರಂತದ ಬಳಿಕ ಆ ಸಂಸ್ಥೆ ಇಂಥ ಹೊತ್ತಿನ ಮಾತಿನ ಧಾಟಿಯನ್ನೇ ಬದಲಿಸಿಕೊಂಡಿತ್ತು. ಜೀವ ಉಳಿಸಬೇಕಾದಲ್ಲಿ ಉಪಚಾರದ ಪದವೊಂದು ಸಹ ಕಾಲಹರಣವಾಗಬಹುದೆಂಬ ಅರಿವು ಅದರ ಹಿಂದಿದೆ.

ಅನುವಾದಕರಿಗೆ ಇದರಿಂದ ದೊರೆಯುವ ಎಚ್ಚರವೆಂದರೆ, ನಿಷೇಧವಾಕ್ಯವನ್ನು ಭಾಷಾಂತರಿಸುವಾಗ ಪದವನ್ನಲ್ಲ, ಸಂಬಂಧವನ್ನು ಭಾಷಾಂತರಿಸಬೇಕು. 'ನಯೇ' ಇದ್ದಲ್ಲಿ 'ಬೇಡ' ಬರೆದರೆ ನಿಯಮವು ಬೈಗುಳವಾಗುತ್ತದೆ; 'ನಕೋ' ಇದ್ದಲ್ಲಿ 'ನಿಷೇಧಿಸಲಾಗಿದೆ' ಎಂದರೆ ತಾಯಿಯ ಮಾತು ಕಚೇರಿಯ ಸುತ್ತೋಲೆಯಾಗುತ್ತದೆ.

ಅಭ್ಯಾಸ: ವಿದ್ಯಾರ್ಥಿಗಳು ತಮ್ಮ ಊರಿನ ಬಸ್ ನಿಲ್ದಾಣ, ಆಸ್ಪತ್ರೆ, ದೇವಾಲಯಗಳಲ್ಲಿರುವ ಐದು ನಿಷೇಧ ಫಲಕಗಳನ್ನು ಬರೆದುಕೊಳ್ಳಲಿ. ಪ್ರತಿಯೊಂದರಲ್ಲೂ ವಿನಯವೆಷ್ಟು, ಬಿಗಿಯೆಷ್ಟು ಎಂದು ಪ್ರತ್ಯೇಕವಾಗಿ ಗುರುತಿಸಲಿ. ಬಳಿಕ ಅದೇ ನಿಷೇಧವನ್ನು ಒಂದು ಮಗುವಿಗೆ, ಒಬ್ಬ ಹಿರಿಯರಿಗೆ, ಅಪಾಯದ ಅಂಚಿನಲ್ಲಿರುವ ಒಬ್ಬ ಅಪರಿಚಿತರಿಗೆ ಹೇಳುವಂತೆ ಕನ್ನಡದಲ್ಲಿ ಬರೆಯಲಿ.